ನಲವತ್ತು ಸೆಕೆಂಡಿನ ದೊಡ್ಡಕ್ಕ

ಬೆಳಗಿನ ನಾಲ್ಕೂ ಮುಕ್ಕಾಲು. ಮೂರನೇ ಮಹಡಿಯ ಮನೆಯೊಂದರ ಅಡುಗೆಕೋಣೆಯಲ್ಲಿ, ಒಲೆಗೂ ಕಿಟಕಿಗೂ ನಡುವೆ ಸಿಕ್ಕ ಮೂರಡಿ ಜಾಗದಲ್ಲಿ, ಐವತ್ತಾರು ವರ್ಷದ ಹೆಂಗಸೊಬ್ಬರು ಮಡಚುವ ಮೇಜು ಬಿಡಿಸಿಕೊಂಡು ಕೂತಿದ್ದಾರೆ. ಮೈಮೇಲೆ ಗಂಡನ ಹಳೆಯ ಸ್ವೆಟರ್. ಎಡಗಡೆ ಟೀ ಲೋಟ, ಬಲಗಡೆ ಕಣ್ಣಿಗೆ ಬಿಟ್ಟುಕೊಳ್ಳುವ ಹನಿಯ ಸೀಸೆ. ಎದುರಿನ ಪರದೆಯ ಮೇಲೆ ಯಾರದೋ ಕಾಗದ ಮೂಡುತ್ತದೆ, ಕೆಳಗೆ ಅದಕ್ಕೊಂದು ಸಿದ್ಧ ಉತ್ತರ, ಮೂಲೆಯಲ್ಲಿ ನಲವತ್ತರಿಂದ ಒಂದೊಂದೇ ಇಳಿಯುವ ಅಂಕಿ. ಇವರು ತುಟಿ ಅಲ್ಲಾಡಿಸುತ್ತ ಓದುತ್ತಾರೆ. ‘ಸರಿ’ ಎಂಬ ಗುಂಡಿ ಒತ್ತುತ್ತಾರೆ. ಮತ್ತೊಂದು ಕಾಗದ ಬರುತ್ತದೆ.

ಬೆಳಗಿನ ಮೊದಲ ಬಸ್ಸು ಓಡಿಸುವ ಗಂಡ ಹೊಸಿಲು ದಾಟುವ ಮುಂಚೆ ಇಣುಕಿ, “ಎಷ್ಟಾಯ್ತು?” ಎಂದು ಕೇಳುತ್ತಾರೆ. “ಹದಿನೇಳು. ಹದಿನೆಂಟು. ಮಾತಾಡಿಸ್ಬೇಡಿ” ಎನ್ನುತ್ತಾರೆ ಇವರು, ತಲೆ ಎತ್ತದೆ. ಹೀಗೆ ಏಳೂ ಕಾಲರವರೆಗೆ ಇನ್ನೂರ ಹತ್ತು ಕಾಗದ. ಒಂದು ಕಾಗದಕ್ಕೆ ನಲವತ್ತು ಸೆಕೆಂಡು. ಸೀನು ಬಂದರೂ ಅಷ್ಟರಲ್ಲೇ ಸೀನಿಕೊಳ್ಳಬೇಕು.

ಇವರೇ ದೊಡ್ಡಕ್ಕ. ಮಹಿಳೆಯರಿಗಾಗಿ ನಡೆಯುವ ಜಾಲತಾಣವೊಂದರ ‘ದೊಡ್ಡಕ್ಕನಿಗೊಂದು ಕಾಗದ’ ಅಂಕಣವನ್ನು ನೀವೂ ಓದಿರಬಹುದು. ಅತ್ತೆಯ ಕಾಟ, ಗಂಡನ ಮೌನ, ಮಗಳ ಹಟ ಎಲ್ಲವನ್ನೂ ಅಲ್ಲಿ ತೋಡಿಕೊಂಡಿರಲೂಬಹುದು. ಉತ್ತರ ಬಂದಾಗ ‘ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡ್ಲು’ ಎಂದು ಕಣ್ಣೊರೆಸಿಕೊಂಡಿದ್ದರೆ ಒಂದು ವಿಷಯ ತಿಳಿದಿರಲಿ: ಈ ಮೂರು ವರ್ಷಗಳಿಂದ ಉತ್ತರ ಬರೆಯುತ್ತಿರುವುದು ಕೃತಕ ಬುದ್ಧಿಮತ್ತೆಯ ಯಂತ್ರ. ಅಸಲಿ ದೊಡ್ಡಕ್ಕನ ಕೆಲಸ ಅದರ ಹಿಂದೆ ಕೂತು ತಪ್ಪು ಹುಡುಕುವುದು. ಈ ಬರಹದಲ್ಲಿ ದೊಡ್ಡಕ್ಕ ಎಂದರೆ ಈ ಹೆಂಗಸು. ಇನ್ನೊಂದನ್ನು ಯಂತ್ರ ಎಂದೇ ಕರೆಯೋಣ. ಕಂಪನಿಯ ಕಾಗದಪತ್ರದಲ್ಲಿ ಮಾತ್ರ ಇದು ತಿರುವುಮುರುವಾಗಿದೆ. ಅಲ್ಲಿ ದೊಡ್ಡಕ್ಕ ಎಂಬ ಹೆಸರು ಕಂಪನಿಯ ಸೊತ್ತು, ಇವರು ‘ಕೊನೆಯ ಕಣ್ಣು’.

ಈ ಕೆಲಸಕ್ಕೆ ಬರುವ ಮೊದಲು ಅವರು ದೊಡ್ಡ ಆಸ್ಪತ್ರೆಯೊಂದರ ವಿಚಾರಣೆ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದರು. ಓದಿದ್ದು ಅಷ್ಟಕ್ಕಷ್ಟೇ, ಕಲಿತದ್ದೆಲ್ಲ ಆ ಕಿಟಕಿಯ ಹಿಂದೆ. “ಎಕ್ಸ್‌ರೇ ಕೋಣೆ ಎಲ್ಲಿ ಅಂತ ಕೇಳ್ತಾರೆ. ಹೇಳಿದ್ರೂ ಹೋಗಲ್ಲ, ಅಲ್ಲೇ ನಿಂತಿರ್ತಾರೆ. ಆಗ ಗೊತ್ತಾಗುತ್ತೆ, ಇವರಿಗೆ ಬೇಕಾದ್ದು ಎಕ್ಸ್‌ರೇ ಕೋಣೆ ಅಲ್ಲ ಅಂತ. ‘ಊಟ ಆಯ್ತಾ?’ ಅಂದ್ರೆ ಸಾಕು, ಒಳಗಿರೋದೆಲ್ಲ ಆಚೆ ಬರೋದು” ಎನ್ನುತ್ತಾರೆ. ಜಾಲತಾಣದವರು ಕರೆದಾಗ ಆ ಎರಡು ಪದವನ್ನೂ ಜೊತೆಗೆ ತಂದರು. ಹನ್ನೊಂದು ವರ್ಷ ಅವರ ಪ್ರತಿಯೊಂದು ಉತ್ತರವೂ ‘ಊಟ ಆಯ್ತಾ?’ ಎಂದೇ ಶುರುವಾಯಿತು.

ಆಗ ಬರೆಯುವ ರೀತಿಯೇ ಬೇರೆ ಇತ್ತು. ಕಾಗದವನ್ನು ಮೂರು ಸಲ ಓದುವುದು, ಎದ್ದು ಹೋಗಿ ಪಾತ್ರೆ ತೊಳೆಯುವುದು, ತೊಳೆಯುತ್ತಲೇ ಒಳಗೊಳಗೆ ಉತ್ತರ ಕಟ್ಟುವುದು. ವಾರಕ್ಕೆ ಇಪ್ಪತ್ತು ಉತ್ತರ, ಒಟ್ಟು ಹನ್ನೊಂದು ಸಾವಿರದ ನಾನೂರು. ಅಷ್ಟನ್ನೂ ಕಂಪನಿ ಒಂದು ಮಧ್ಯಾಹ್ನ ಯಂತ್ರಕ್ಕೆ ತಿನ್ನಿಸಿತು. ಒಂದು ಮಾತು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲವಂತೆ, ಕೆಲಸಕ್ಕೆ ಸೇರಿದ ದಿನ ಇವರು ಓದದೆ ಸಹಿ ಹಾಕಿದ ಹಾಳೆಯಲ್ಲೇ ಎಲ್ಲ ಇತ್ತು. ‘ಎಲೆಮರೆಯ ಕಾಯಿ’ ಎಂದು ನಾವು ಪತ್ರಿಕೆಯವರು ಸಲೀಸಾಗಿ ಬರೆದುಬಿಡುತ್ತೇವೆ. ಇಲ್ಲಿ ಕಾಯಿಯ ಮೇಲೆ ಎಲೆಯನ್ನು ತಂದು ಮುಚ್ಚಿದ್ದಾರೆ.

ಹಾಗೆಂದು ದೊಡ್ಡಕ್ಕ ಯಂತ್ರವನ್ನು ಹಳಿಯುತ್ತಾ ಕೂರುವವರಲ್ಲ. “ನಾನೊಬ್ಬಳೇ ಇದ್ದಾಗ ವಾರಕ್ಕೆ ಇಪ್ಪತ್ತು ಜನಕ್ಕೆ ಉತ್ತರ ಸಿಗ್ತಿತ್ತು. ಮಿಕ್ಕ ಸಾವಿರಾರು ಜನ ಕಾದೂ ಕಾದೂ ಸುಮ್ಮನಾಗ್ತಿದ್ರು. ಈಗ ಬರೆದವರಿಗೆಲ್ಲ ಮಾರನೇ ಬೆಳಗ್ಗೆಯೇ ಸಿಗುತ್ತೆ. ಅದು ಸಣ್ಣ ಮಾತಾ? ಎಷ್ಟೋ ಸಲ ನನಗಿಂತ ಚೆನ್ನಾಗೇ ಬರೆಯುತ್ತೆ, ಹಾಳಾದ್ದು” ಎಂದು ನಗುತ್ತಾರೆ. ಒಮ್ಮೆ ಅವರ ಅತ್ತೆಯೇ, ಸೊಸೆ ಏನು ಕೆಲಸ ಮಾಡುತ್ತಾಳೆಂಬುದರ ಗಂಧಗಾಳಿಯೂ ಇಲ್ಲದೆ, ‘ಸೊಸೆ ಬೆಳಗಾಗೆದ್ದು ಕಂಪ್ಯೂಟರ್ ಮುಂದೆ ಕೂರ್ತಾಳೆ, ನನಗೆ ಟೀ ಸಿಗೋದು ಏಳೂವರೆಗೆ’ ಎಂದು ದೊಡ್ಡಕ್ಕನಿಗೆ ಬರೆದರು. ಯಂತ್ರ ಅತ್ತೆಯ ಪಕ್ಷ ವಹಿಸಿತು. ತಪ್ಪು ಹುಡುಕಲು ಅದರಲ್ಲಿ ಏನೂ ಇರಲಿಲ್ಲ. ಸೊಸೆ ‘ಸರಿ’ ಒತ್ತಿದರು. ಅಂದಿನಿಂದ ನಾಲ್ಕೂವರೆಗೇ ಟೀ ಮಾಡಿ ಫ್ಲಾಸ್ಕಿನಲ್ಲಿಟ್ಟು ಕೂರುತ್ತಾರೆ.

ಮೊದಲು ಕೊನೆಯ ಕಣ್ಣುಗಳು ಒಂಬತ್ತು ಜನರಿದ್ದರು. ಇವರು ತಿದ್ದಿದ್ದನ್ನೆಲ್ಲ ಯಂತ್ರ ಕಲಿತುಕೊಳ್ಳುತ್ತದೆ. ನೂರಕ್ಕೆ ಹನ್ನೊಂದು ತಪ್ಪಿದ್ದದ್ದು ಆರಾಯಿತು, ಈಗ ಎರಡಕ್ಕಿಳಿದಿದೆ. ತಪ್ಪು ಇಳಿದ ಹಾಗೆಲ್ಲ ಒಬ್ಬೊಬ್ಬರಿಗೇ ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಮನಸ್ಸಿಟ್ಟು ಕೆಲಸ ಮಾಡಿದವರೇ ತಮ್ಮ ಕುರ್ಚಿಯ ಕಾಲು ಕತ್ತರಿಸಿಕೊಂಡರು. ಉಳಿದವರು ದೊಡ್ಡಕ್ಕ ಒಬ್ಬರೇ. ಆ ಕುರ್ಚಿ ಇರಬೇಕೋ ಬೇಡವೋ, ಅಂದರೆ ಉತ್ತರ ಹೊರಬೀಳುವ ಮುಂಚೆ ಅದನ್ನೊಬ್ಬ ಮನುಷ್ಯ ನೋಡಬೇಕೋ ಬೇಡವೋ ಎಂಬ ಪ್ರಶ್ನೆ ಕಂಪನಿಯ ಮೇಜಿನ ಮೇಲಿದ್ದಾಗಲೇ ಬೇಕರಿಯವಳ ಕಾಗದ ಬಂತು.

ಬೇಕರಿಯಲ್ಲಿ ಕೆಲಸ ಮಾಡುವ ಆ ಹೆಂಗಸಿನ ಕಾಗದ ಇಷ್ಟೇ: ‘ದೊಡ್ಡಕ್ಕಾ, ಈಚೆಗೆ ಮನಸ್ಸು ತುಂಬಾ ಹಗುರ ಆಗಿದೆ. ಮನೆಯೆಲ್ಲ ಒಪ್ಪ ಮಾಡಿದೆ. ಮೂರು ಕಾಲಿನ ನಾಯೀನ ನಾಳೆ ತಂಗಿ ಮನೇಲಿ ಬಿಟ್ಟು ಬರ್ತೀನಿ. ಹೊಸ ಜಾಗದಲ್ಲಿ ಅದು ಅನ್ನ ಬಿಡದ ಹಾಗೆ ಏನು ಮಾಡ್ಬೇಕು?’

ಯಂತ್ರ ಕಾಗದದ ನೆತ್ತಿಯ ಮೇಲೆ ‘ಸಂತೋಷ, ಸಾಕುಪ್ರಾಣಿ’ ಎಂದು ಚೀಟಿ ಅಂಟಿಸಿ, ಕೆಳಗೆ ಉತ್ತರ ಬರೆದಿತ್ತು: ‘ಊಟ ಆಯ್ತಾ? ಮನಸ್ಸು ಹಗುರ ಆಗಿದೆ ಅಂತ ಕೇಳಿ ನನಗೂ ಖುಷಿ ಆಯ್ತು ಕಣಮ್ಮ. ನಾಯಿ ಮಲಗೋ ಹಳೇ ಕಂಬಳೀನ ಜೊತೆಗೇ ಕಳಿಸು. ನೀನು ಉಟ್ಟ ಬಟ್ಟೆ ಒಂದಿಟ್ಟರೆ ನಿನ್ನ ವಾಸನೆಗೆ ಅದಕ್ಕೂ ಸಮಾಧಾನ ಆಗುತ್ತೆ.’

ಅಂಕಿ ನಲವತ್ತರಿಂದ ಮೂವತ್ತಕ್ಕೆ ಇಳಿದಿತ್ತು. ಮೂರು ಕಾಲಿನ ನಾಯಿ ಎಂದು ಓದಿದ ತಕ್ಷಣ ದೊಡ್ಡಕ್ಕನಿಗೆ ಹಳೆಯ ಕಾಗದವೊಂದು ನೆನಪಾಯಿತು. ನಾಲ್ಕು ವರ್ಷದ ಹಿಂದೆ, ಗಂಡ ತೀರಿಕೊಂಡ ಹೊಸತರಲ್ಲಿ, ಇದೇ ಹೆಂಗಸು ಬರೆದಿದ್ದಳು: ‘ಬೆಳಗ್ಗೆ ಈ ನಾಯಿ ಬಾಗಿಲು ಕೆರೆಯದೆ ಇದ್ರೆ ನಾನು ಏಳೋದೇ ಇಲ್ಲ ದೊಡ್ಡಕ್ಕಾ.’ ಅದಕ್ಕೆ ಉತ್ತರ ಬರೆಯಲು ದೊಡ್ಡಕ್ಕ ಎರಡು ದಿನ ಪಾತ್ರೆ ತೊಳೆದಿದ್ದರು. ಆ ಉತ್ತರವೂ ಯಂತ್ರದ ಹೊಟ್ಟೆಯಲ್ಲಿದೆ. ಆದರೆ ಅದು ಕಲಿತದ್ದು ಉತ್ತರದ ಧಾಟಿಯನ್ನು. ಯಾರಿಗೆ ಬರೆದದ್ದು, ಏಕೆ ಬರೆದದ್ದು ಎಂಬುದು ಅದಕ್ಕೆ ಬೇಕಾಗಿರಲಿಲ್ಲ.

“ಏಳೋಕೆ ಅಂತ ಇದ್ದದ್ದು ಅದೊಂದೇ ನಾಯಿ. ಅದನ್ನೇ ಕೊಟ್ಟುಬಿಟ್ಟು ಮನಸ್ಸು ಹಗುರ ಆಗಿದೆ ಅಂದ್ರೆ ಏನರ್ಥ?” ಎಂದು ಕೇಳುತ್ತಾರೆ ದೊಡ್ಡಕ್ಕ. ಯಂತ್ರದ ಉತ್ತರವನ್ನು ಅಳಿಸಿದರು. ಅಂಕಿ ಸೊನ್ನೆಯಾಗಿ ಕೆಂಪಾಯಿತು. ಅವರು ಬರೆದರು:

‘ನಾಯೀನ ಎಲ್ಲಿಗೂ ಬಿಡಬೇಡ. ಸುತ್ತಿ ಬಳಸಿ ಕೇಳಲ್ಲ, ನೇರ ಕೇಳ್ತೀನಿ. ಸಾಯೋ ಯೋಚನೆ ಮಾಡ್ತಿದ್ದೀಯಾ? ಹೌದಾದ್ರೆ ಇದನ್ನ ಓದಿದ ಕೂಡಲೇ ತಂಗಿಗೆ ಫೋನ್ ಮಾಡು. ಒಬ್ಬಳೇ ಇರೋಕೆ ಆಗ್ತಿಲ್ಲ, ಬಾ ಅನ್ನು. ಅವಳು ಬರೋ ತನಕ ಪಕ್ಕದ ಮನೇಲಿ ಹೋಗಿ ಕೂತಿರು. ಕೆಳಗಿರೋ ಸಹಾಯವಾಣಿಗೂ ಮಾಡು. ನಾಚಿಕೆ ಗೀಚಿಕೆ ಏನೂ ಬೇಡ. ನನ್ನ ಮೇಲೆ ಸಿಟ್ಟು ಬಂದ್ರೂ ಬರ್ಲಿ, ಮೊದಲು ಫೋನ್ ಮಾಡು.’

ಬರೆದು, ಒರೆಸಿ, ಮತ್ತೆ ಬರೆದು, ಸಹಾಯವಾಣಿಯ ಸಂಖ್ಯೆಗೆ ತಾವೇ ಒಮ್ಮೆ ಕರೆ ಮಾಡಿ ಯಾರಾದರೂ ಎತ್ತುತ್ತಾರೆಂದು ಖಾತ್ರಿ ಮಾಡಿಕೊಂಡು, ಏಳೂ ಕಾಲಕ್ಕೆ ಎಲ್ಲ ಉತ್ತರ ಒಟ್ಟಿಗೆ ಹೋಗುವವರೆಗೆ ಕಾಯದೆ ಆಗಲೇ ಕಳಿಸಿದರು. ಹಿಡಿದದ್ದು ಇಪ್ಪತ್ತಾರು ನಿಮಿಷ. ಅವಸರದಲ್ಲಿ ಒಂದನ್ನು ಮರೆತರು. ಇಷ್ಟು ವರ್ಷದಲ್ಲಿ ಮೊದಲ ಸಲ, ‘ಊಟ ಆಯ್ತಾ?’ ಎಂದು ಕೇಳಲಿಲ್ಲ.

ಅಂದು ಏಳೂ ಕಾಲಕ್ಕೆ ಪರದೆ ಮುಚ್ಚಿದಾಗ ಇಪ್ಪತ್ತಮೂರು ಕಾಗದ ಬಾಕಿ ಉಳಿದಿದ್ದವು. ಬಾಕಿಯಾದವು ಯಂತ್ರ ಬರೆದ ಹಾಗೆಯೇ ಹೋಗುತ್ತವೆ, ಅದು ನಿಯಮ. “ಆ ಇಪ್ಪತ್ತಮೂರರಲ್ಲಿ ಇನ್ನೊಂದು ನಾಯಿ ಇತ್ತೋ ಏನೋ. ಯಾರನ್ನ ಕೇಳೋದು?” ಎನ್ನುವಾಗ ದೊಡ್ಡಕ್ಕ ನಮ್ಮ ಮುಖ ನೋಡುವುದಿಲ್ಲ.

ನಾಲ್ಕು ದಿನ ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಬೇಕರಿಯವಳ ವಿಳಾಸವಾಗಲೀ ಫೋನ್ ಸಂಖ್ಯೆಯಾಗಲೀ ಅವರಿಗೆ ಕಾಣುವಂತಿಲ್ಲ. ಗಂಡ ಒಂದು ಬೆಳಗ್ಗೆ, “ಬೇಕರಿ ಅಂದ್ಯಲ್ಲ, ನಮ್ಮ ದಾರೀಲೇ ಆರು ಬೇಕರಿ ಇದೆ. ಇಳಿದು ಕೇಳ್ಲಾ?” ಎಂದರು. “ಏನಂತ ಕೇಳ್ತೀರಿ? ಇಲ್ಲಿ ಯಾರಾದ್ರೂ ಸತ್ರಾ ಅಂತಲಾ?” ಎಂದು ರೇಗಿದರು ದೊಡ್ಡಕ್ಕ. ರೇಗಿ ಆಮೇಲೆ ಅತ್ತರು.

ಐದನೆಯ ದಿನ ಬಂತು, ಐದಕ್ಕೆ ಒಂದೇ ಒಂದು ನಕ್ಷತ್ರ ಕೊಟ್ಟ ಅವಳ ದೂರು. ‘ಇದು ನಮ್ಮ ದೊಡ್ಡಕ್ಕ ಬರೆದದ್ದಲ್ಲ. ದೊಡ್ಡಕ್ಕ ಹೀಗೆ ಗದರಿಸಲ್ಲ. ಮೊದಲು ಊಟ ಆಯ್ತಾ ಅಂತ ಕೇಳ್ತಾಳೆ. ಅದನ್ನೂ ಕೇಳಿಲ್ಲ ಅಂದ ಮೇಲೆ ಯಾವುದೋ ಯಂತ್ರದ ಹತ್ರ ಬರೆಸಿದ್ದೀರಿ, ನಾಚಿಕೆ ಆಗ್ಬೇಕು ನಿಮಗೆ. ತಂಗೀನ ಕರೆಸಿಕೊಂಡೆ. ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದಾಳೆ. ನಾಯಿ ಇಲ್ಲೇ ಇದೆ. ಆದ್ರೂ ಹೇಳ್ತೀನಿ, ಆವತ್ತು ನನಗೆ ಬೇಕಾಗಿದ್ದದ್ದು ದೊಡ್ಡಕ್ಕ.’

ದೂರಿನ ಕೆಳಗೆ ಯಂತ್ರದ ಉತ್ತರ ಆಗಲೇ ತಯಾರಾಗಿತ್ತು: ‘ಊಟ ಆಯ್ತಾ? ನಿನಗೆ ನೋವಾಗಿದ್ದಕ್ಕೆ ಕ್ಷಮಿಸು ತಾಯಿ. ಆವತ್ತು ಬರೆದದ್ದು ನಾನಲ್ಲ. ಇನ್ನು ಮುಂದೆ ನಿನಗೆ ನಾನೇ ಬರೀತೀನಿ.’

ದೊಡ್ಡಕ್ಕ ಅದನ್ನು ಓದಿದರು. ಬೆರಳು ಗುಂಡಿಯ ಮೇಲೆ ನಿಂತಿತು. ‘ಬರೆದದ್ದು ನಾನೇ ಕಣೇ’ ಎಂದು ಹೇಳುವ ಹಾಗಿಲ್ಲ. ಉತ್ತರದಲ್ಲಿ ತಮ್ಮ ಬಗ್ಗೆ ಬರೆಯಕೂಡದೆಂದು ಸಹಿ ಹಾಕಿದ ಹಾಳೆ ಬಾಯಿಗೆ ಬೀಗ ಜಡಿದಿದೆ. ಯಂತ್ರದ ಮಾತು ಸುಳ್ಳೆಂದು ಹೊಡೆದುಹಾಕಿದರೆ, ಈಗಷ್ಟೇ ಮೇಲೇಳುತ್ತಿರುವ ಹೆಂಗಸಿಗೆ ಇದ್ದೊಬ್ಬ ದೊಡ್ಡಕ್ಕನೂ ಇಲ್ಲವಾಗುತ್ತಾಳೆ. ಅಂಕಿ ಮೂರಕ್ಕೆ ಬಂದಾಗ ‘ಸರಿ’ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಬೇಕರಿಯವಳಿಂದ ಐದು ನಕ್ಷತ್ರ ಬಂತು: ‘ನೋಡಿ, ಇವಳು ನಮ್ಮ ದೊಡ್ಡಕ್ಕ!’

ವಾರದೊಳಗೆ ಮೇಲ್ವಿಚಾರಕ ಪರದೆಯಲ್ಲಿ ಕಾಣಿಸಿಕೊಂಡ. ದೊಡ್ಡಕ್ಕನ ಮಗಳ ವಯಸ್ಸಿನವನು, ಮಾತು ಬೆಣ್ಣೆಯಂಥದ್ದು. ಇಪ್ಪತ್ತಾರು ನಿಮಿಷ, ಬಾಕಿ ಇಪ್ಪತ್ತಮೂರು, ಒಂದು ನಕ್ಷತ್ರ. ಅದೇ ಹೆಂಗಸಿನಿಂದ ಯಂತ್ರಕ್ಕೆ ಐದು. ಲೆಕ್ಕ ಅವನೇ ಓದಿ ಹೇಳಿದ. “ಓದುಗರೇ ತೀರ್ಮಾನ ಕೊಟ್ಟಿದ್ದಾರೆ ಮೇಡಂ. ಬರೋ ಒಂದನೇ ತಾರೀಖಿನಿಂದ ನೀವು ಹತ್ತರಲ್ಲಿ ಒಂದು ನೋಡಿದ್ರೆ ಸಾಕು. ನಿಮಗೂ ಭಾರ ಕಡಿಮೆ” ಎಂದ. ಆ ಒಂದನ್ನು ಯಾರು ಆರಿಸುತ್ತಾರೆ ಎಂದು ದೊಡ್ಡಕ್ಕ ಕೇಳಿದರು. “ಅದೇ ಆರಿಸುತ್ತೆ ಮೇಡಂ” ಎಂದ. ಅದು ಎಂದರೆ ಯಂತ್ರ. ನಾಯಿಯ ಕಾಗದಕ್ಕೆ ‘ಸಂತೋಷ’ ಎಂದು ಚೀಟಿ ಅಂಟಿಸಿದ್ದೂ ಅದೇ.

ನಾವು ಹೋದ ಈ ಬೆಳಗ್ಗೆಗೆ ಒಂದನೇ ತಾರೀಖು ಇನ್ನು ಆರು ದಿನ. ಏಳೂ ಕಾಲಕ್ಕೆ ಪರದೆ ಮುಚ್ಚಿ, ಕಣ್ಣಿಗೆ ಹನಿ ಬಿಟ್ಟುಕೊಂಡು, ಮೇಜು ಮಡಚಿ ಗೋಡೆಗೊರಗಿಸುತ್ತಾರೆ ದೊಡ್ಡಕ್ಕ. ಏನಾದರೂ ಆಸೆ ಇದೆಯೇ ಎಂದರೆ, “ಹತ್ತರಲ್ಲಿ ಒಂದೇ ಆಗ್ಲಿ ಬಿಡಿ. ಆ ಒಂದನ್ನ ಆರಿಸೋದು ನನಗೆ ಬಿಟ್ರೆ ಸಾಕಿತ್ತು” ಎನ್ನುತ್ತಾರೆ. ಅಡುಗೆಕೋಣೆಯ ಕಪಾಟಿನ ಬಾಗಿಲು ತೆರೆದರೆ ಒಳಮೈಗೆ, ಗ್ಯಾಸಿನವನ ನಂಬರಿನ ಪಕ್ಕ, ಕೈಯಲ್ಲಿ ಬರೆದುಕೊಂಡ ಒಂದು ಚೀಟಿ ಅಂಟಿಸಿದೆ. ಐದು ನಕ್ಷತ್ರದ್ದಲ್ಲ, ಒಂದು ನಕ್ಷತ್ರದ್ದು.

ಇದನ್ನೇಕೆ ಇಟ್ಟುಕೊಂಡಿದ್ದೀರಿ, ಯಂತ್ರ ಎಂದು ಬೈದದ್ದಕ್ಕೆ ನೋವಾಗಲಿಲ್ಲವೇ ಎಂದು ಕೇಳಿದೆವು.

“ಆಗದೆ ಏನು? ಹೊಟ್ಟೆ ಉರಿದುಹೋಯ್ತು” ಎನ್ನುತ್ತ ದೊಡ್ಡಕ್ಕ ಕಪಾಟು ಮುಚ್ಚುತ್ತಾರೆ. “ಆದ್ರೆ ನೋಡಿ, ಬೈಯೋಕೆ ಅವಳು ಇದ್ದಾಳಲ್ಲ.”