ಬೇಡ ಎನ್ನದ ಮಾವನೊಡನೆ ಅರ್ಧ ದಿನ

ಭಾನುವಾರ ಬೆಳಿಗ್ಗೆ ಏಳಕ್ಕೆ ನನ್ನ ಸೋದರಮಾವ ಈರಪ್ಪ ಹುಬ್ಬಳ್ಳಿ ಕಡೆಯ ರೈಲಿನಿಂದ ಯಶವಂತಪುರದಲ್ಲಿ ಇಳಿದರು. ಕೈಯಲ್ಲೊಂದು ಚೀಲ, ಜೇಬಿನಲ್ಲಿ ಅದೇ ಸಂಜೆ ಐದರ ವಾಪಸ್ ಟಿಕೆಟ್ಟು. ಬಂದದ್ದು ಒಂದೇ ಕೆಲಸಕ್ಕೆ: ಗಂಗಾನಗರದ ಅಕ್ಕನ ಮನೆಯಲ್ಲಿ ಮಧ್ಯಾಹ್ನ ಒಂದಕ್ಕೆ ಊಟ ಮಾಡುವುದು.

ಅಕ್ಕ ಎಂದರೆ ನನ್ನ ದೊಡ್ಡವ್ವ ಗೌರವ್ವ. ಮೂರು ವರ್ಷದ ಹಿಂದೆ ಅವಳ ಗೃಹಪ್ರವೇಶಕ್ಕೆ ಬಂದಿದ್ದ ಮಾವ, ರೈಲು ತಪ್ಪೀತೆಂದು, ಎಲೆ ಹಾಕಿದ ಮೇಲೆ "ಬ್ಯಾಡ" ಎಂದು ಎದ್ದು ಹೋಗಿದ್ದರು. ಅಂದಿನಿಂದ ದೊಡ್ಡವ್ವ ಮಾತು ಬಿಟ್ಟಿದ್ದಳು. ಮಾವ ನೊಂದುಕೊಂಡು, ಇನ್ನು ಯಾರು ಏನು ತಿನ್ನಲು ಕೊಟ್ಟರೂ ಬೇಡ ಎನ್ನುವುದಿಲ್ಲವೆಂದು ಶಪಥ ಮಾಡಿದ್ದರು. ಈಗ ಅವಳೇ ಫೋನು ಮಾಡಿ ಕರೆದಿದ್ದಳು. ಈ ಊಟ ಕೆಟ್ಟರೆ ಇನ್ನೊಂದು ಕರೆ ಬರುವುದಿಲ್ಲ ಎಂಬುದು ನಮ್ಮ ಬಳಗಕ್ಕೆಲ್ಲ ಗೊತ್ತಿತ್ತು.

"ಈಗ ಹೋಗಿ ಕುಂತ್ರ ಆಕಿ ಮುಂದ ಏನ್ ಮಾತಾಡ್ಲಿ? ಒಂದರತನಾ ಊರು ತೋರಿಸು. ರೊಕ್ಕ ಕೊಟ್ಟು ನೋಡೂದು ಏನೂ ಇರಬಾರ್ದು," ಎಂದರು ಮಾವ. ಸಂಜಯನಗರದಲ್ಲಿ ಹತ್ತು ವರ್ಷದಿಂದ ಬಾಡಿಗೆಗಿರುವ ನನಗೆ ಪುಕ್ಕಟೆ ಜಾಗಗಳೆಲ್ಲ ಬಾಯಿಪಾಠ. ತಲಾ ಎಂಬತ್ತು ರೂಪಾಯಿ ಕೊಟ್ಟು ದಿನದ ಬಸ್ ಪಾಸು ತೆಗೆದುಕೊಂಡೆವು.

ಮೊದಲು ಮತ್ತಿಕೆರೆಯ ಒಂದು ದೇವಸ್ಥಾನ. ದರ್ಶನಕ್ಕೆ ಎರಡು ನಿಮಿಷ, ಪ್ರಸಾದದ ಸಾಲಿನಲ್ಲಿ ಇಪ್ಪತ್ತು ನಿಮಿಷ. ದೊನ್ನೆ ತುಂಬ ಬಿಸಿ ಪೊಂಗಲ್ ಹಾಕಿದವರು ಮಾವನ ರುಮಾಲು ನೋಡಿ, "ದೂರದಿಂದ ಬಂದಿದೀರಾ ಯಜಮಾನ್ರೇ, ಇನ್ನೊಂದು ತಗೊಳ್ಳಿ," ಎಂದರು. ಮಾವ ತೆಗೆದುಕೊಂಡರು. ತಿಂಡಿಯ ಖರ್ಚು ಉಳಿಯಿತೆಂದು ನಾನು ಖುಷಿಪಟ್ಟೆ.

ಅಲ್ಲಿಂದ ಹೆಬ್ಬಾಳ. ಫ್ಲೈಓವರಿನ ಮೇಲೆ ಬಸ್ಸು ಸಿಕ್ಕಿಹಾಕಿಕೊಂಡಿತು. ಕೆಳಗೆ ಕೆರೆ, ನೀರಿನ ಮೇಲೆ ಹಕ್ಕಿಗಳ ಸಾಲು, ಎಳೆಬಿಸಿಲು. ಕಾಲು ಗಂಟೆ ಕೂತಲ್ಲೇ ನೋಡಿದೆವು. "ವ್ಯವಸ್ಥಾ ಚೊಲೋ ಐತಿ. ನೋಡಿ ಮುಗಿಯೂತನಾ ಬಸ್ಸು ನಿಂದ್ರಸ್ತಾರ," ಎಂದು ಮಾವ ಮೆಚ್ಚಿಕೊಂಡರು. ಮುಂದಿನ ಸೀಟಿನ ಅಜ್ಜಿಗೆ ಅದು ಕೇಳಿ ನಗು ಬಂತು. ಡಬ್ಬಿ ತೆಗೆದು ನಾಲ್ಕು ಕೋಡುಬಳೆ ಕೊಟ್ಟರು. ನಾಲ್ಕೂ ಮಾವನ ಹೊಟ್ಟೆಗೆ ಹೋದವು.

ಹೆಬ್ಬಾಳದಲ್ಲಿ ಇಳಿದು ಒಂದು ಚರ್ಚಿನ ಬಣ್ಣದ ಗಾಜು ನೋಡಲು ಹೋದೆವು. ಅಂಗಳದಲ್ಲಿ ಮಗುವೊಂದರ ಜ್ಞಾನಸ್ನಾನದ ಸಂಭ್ರಮ. ಮಗುವಿನ ತಾಯಿ ದೊಡ್ಡ ತುಂಡು ಕೇಕು ತಂದರು. "ಮೊಟ್ಟಿ?" ಎಂದು ಮೊಟ್ಟೆ ಮುಟ್ಟದ ಮಾವ ಆಸೆಯಿಂದ ಕೇಳಿದರು. "ಎಗ್‌ಲೆಸ್ ಅಂಕಲ್. ಪಕ್ಕದ್ಮನೆಯವ್ರೂ ತಿನ್ಬೇಕಲ್ವಾ?" ಎಂದರು ಆಕೆ. ತಪ್ಪಿಸಿಕೊಳ್ಳಲು ಇದ್ದ ಒಂದೇ ದಾರಿಯೂ ಮುಚ್ಚಿತು.

ಆರ್.ಟಿ. ನಗರ ಮುಟ್ಟಿದಾಗ ಹನ್ನೆರಡು. ಅಲ್ಲೊಂದು ಸಣ್ಣ ದರ್ಗಾದಲ್ಲಿ ಸಿಹಿ ಅನ್ನ ಹಂಚುತ್ತಿದ್ದರು. ಇವರಿಗೆ ಒಂದು ಗಂಟೆಗೆ ಊಟವಿದೆ ಎಂದು ನಾನೇ ಕೈಮುಗಿದೆ. "ಇದು ಊಟ ಅಲ್ಲ ಸಾಬ್, ಬರೀ ಸ್ವೀಟು," ಎಂದು ಬಿಳಿಗಡ್ಡದ ಹಿರಿಯರು ತಟ್ಟೆ ತುಂಬಿಸಿದರು. ನನಗೆ ಸಿಟ್ಟು ನೆತ್ತಿಗೇರಿತು.

"ಮಾವಾ, ಒಮ್ಮೆ ಬ್ಯಾಡ ಅನ್ರಿ."

"ಒಮ್ಮೆ ಅಂದಿದ್ದಕ್ಕ ಮೂರು ವರ್ಷ ಅಕ್ಕನ್ನ ಕಳಕೊಂಡೀನೋ," ಎಂದು ಮಾವ ತಟ್ಟೆಗೆ ಕೈ ಹಾಕಿದರು.

ಅರಗಲಿ ಎಂದು ಗಂಗಾನಗರದವರೆಗೆ ಬಿಸಿಲಲ್ಲಿ ನಡೆಸಿದೆ. ಮಾವ ಬೆವೆತರು, ತೇಗಿದರು, ಏನೂ ಅರಗಲಿಲ್ಲ. ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. ಒಳಗೆ ತಟ್ಟೆಯ ಮೇಲೆ ರೊಟ್ಟಿ, ಎಣ್ಣೆಗಾಯಿ, ಎರಡು ಹೋಳಿಗೆ, ಪಕ್ಕದಲ್ಲಿ ತುಪ್ಪದ ಬಟ್ಟಲು. ಮಾವ ರೊಟ್ಟಿ ಮುರಿದರು. ಚೂರು ಕೈಯಲ್ಲೇ ಉಳಿಯಿತು. ದೊಡ್ಡವ್ವನ ಮುಖ ಕಪ್ಪಿಟ್ಟಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಅಕ್ಕಾ, ನಿಮ್ಮೂರ ಮಂದಿ ಮುಂಜಾನಿಂದ ತಿನಿಸ್ಯಾರ. ನಾ ಯಾರಿಗೂ ಬ್ಯಾಡ ಅನ್ಲಿಲ್ಲ. ಕುತ್ತಿಗಿತನಾ ಬಂದೈತಿ," ಎಂದು ಮಾವ ತಲೆ ತಗ್ಗಿಸಿದರು. ಕಣ್ಣಲ್ಲಿ ನೀರಿತ್ತು.

ದೊಡ್ಡವ್ವ ಅವರ ಕೈಯಿಂದ ಚೂರು ತೆಗೆದಳು. ಊಟದ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. "ಹಸಿವಿಲ್ಲದವಗ ನಾ ನೀಡೂದಿಲ್ಲ. ಹಸಿಯೂತನಾ ಇರು," ಎಂದಳು.

"ಐದಕ್ಕ ರೈಲೈತಿ."

ದೊಡ್ಡವ್ವ ಮುಚ್ಚಿದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಮಾವ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಜೇಬಿನಿಂದ ಟಿಕೆಟ್ಟು ತೆಗೆದು ನನ್ನ ಕೈಗಿಟ್ಟು, ರದ್ದು ಮಾಡಿಸು ಎಂದರು. ಈ ಹೊತ್ತಿನಲ್ಲಿ ರೊಕ್ಕ ವಾಪಸ್ ಬರುವುದಿಲ್ಲವೆಂದೆ. "ಬರದಿದ್ರ ಬಿಡು," ಎಂದರು.

ನನ್ನ ಪಾಲಿನ ಹೋಳಿಗೆ ಮುಗಿಸಿ ಹೊರಟೆ. ಚಪ್ಪಲಿ ಮೆಟ್ಟುತ್ತ ಒಮ್ಮೆ ಒಳಗೆ ನೋಡಿದೆ. ಮಾವ ನಡುಮನೆಯ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ದೊಡ್ಡವ್ವ ಪಕ್ಕದಲ್ಲಿ ಕೂತು, ಬೀಸಣಿಗೆಯಿಂದ ನೊಣ ಓಡಿಸುತ್ತ, ಮೂರು ವರ್ಷದ ಸುದ್ದಿಯನ್ನೆಲ್ಲ ಅವರಿಗೆ ಹೇಳತೊಡಗಿದ್ದಳು.