ರುಚಿ ಕಂಡರೆ ಮುಖ ಬಾಡುತ್ತಿದ್ದ ದಸ್ತಗೀರ್ ಸಾಹೇಬರು

ಊಟ ಚೆನ್ನಾಗಿದ್ದಷ್ಟೂ ದಸ್ತಗೀರ್ ಸಾಹೇಬರ ಮುಖ ಬಾಡುತ್ತಿತ್ತು. ಮೊದಲ ತುತ್ತು ಬಾಯಿಗೆ ಹೋದ ಕೂಡಲೇ ಅಗಿಯುವುದು ನಿಧಾನವಾಗುತ್ತಿತ್ತು, ಕಣ್ಣು ತಟ್ಟೆಯಿಂದ ಮೇಜಿನ ಅಂಚಿಗೆ ಸರಿಯುತ್ತಿತ್ತು. ಗೊತ್ತಿಲ್ಲದವರು ನೋಡಿದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿತೇನೋ ಎಂದುಕೊಳ್ಳಬೇಕು.

ಮೊದಲ ಸಲ ನಾನೂ ಹಾಗೆಯೇ ಗಾಬರಿಯಾದೆ. ಕ್ವಾಲಾಲಂಪುರದ ಹಳೆಯ ಮಲಯ್ ಕೇರಿಯೊಂದರಲ್ಲಿ, ತಗಡಿನ ಮಾಡಿನ ಕೆಳಗೆ, ಹುಳಿಖಾರದ ಮೀನಿನ ಸಾರು ಅನ್ನ ತಿನ್ನುತ್ತಿದ್ದೆವು. ಹಿಂದೆಲ್ಲೂ ತಿಂದಿರದಂಥ ಸಾರು. ನಾನು ತಲೆಯೆತ್ತಿ ನೋಡಿದರೆ ಎದುರಿಗೆ ಕೂತವರ ಮುಖ ಸಾವಿನ ಮನೆಯಿಂದ ಬಂದವರಂತಿತ್ತು.

“ಯಾಕ್ ಸಾರ್, ಚೆನ್ನಾಗಿಲ್ವಾ?”

“ಭಾಳ ಚಲೋ ಐತ್ರೀ ಮೂರ್ತ್ಯಾರ,” ಎಂದರು, ಯಾರಿಗೋ ಕೆಟ್ಟ ಸುದ್ದಿ ತಿಳಿಸುವ ದನಿಯಲ್ಲಿ. “ತಿನ್ರಿ ಲಾ, ಆರತೈತಿ.”

ಎರಡು ದಿನ ಬಿಟ್ಟು ನಮ್ಮ ಕಂಪನಿಯವರು ಒಂದು ಮಾಲ್‌ನ ಥಳುಕಿನ ಹೋಟೆಲಿನಲ್ಲಿ ಊಟ ಇಟ್ಟುಕೊಂಡಿದ್ದರು. ಅಲ್ಲಿ ಎಲ್ಲದಕ್ಕೂ ಒಂದೇ ರುಚಿ, ಅದೂ ಇದ್ದೂ ಇಲ್ಲದಂಥದ್ದು. ಅವತ್ತು ಸಾಹೇಬರು ಹುಬ್ಬಳ್ಳಿಯ ಕಾಲೇಜಿನ ಕಥೆ ಹೇಳಿ ಎಲ್ಲರನ್ನೂ ನಗಿಸಿದರು, ತಾವೂ ನಕ್ಕರು, ತಟ್ಟೆ ಖಾಲಿ ಮಾಡಿದರು. ನನಗೆ ಲೆಕ್ಕ ಸಿಕ್ಕಿತು. ಅಂದಿನಿಂದ ಯಾವ ಅಂಗಡಿ ಎಷ್ಟು ಚೆನ್ನಾಗಿದೆ ಎಂದು ತಿಳಿಯಲು ನಾನು ನನ್ನ ನಾಲಿಗೆಗಿಂತ ಅವರ ಮುಖವನ್ನೇ ನಂಬತೊಡಗಿದೆ. ಮೈಸೂರಿಗೆ ಹಿಂದಿರುಗಿ ಮನೆಯಲ್ಲಿ ಇದನ್ನು ನಟಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದೂ ಉಂಟು.

ನಾನು ಊರೂರು ತಿರುಗಿ ತಿನ್ನುವ ಮನುಷ್ಯ. ನಮ್ಮ ಕಂಪನಿ ದೊಡ್ಡ ಕಂಪ್ಯೂಟರ್ ಕೋಣೆಗಳನ್ನು ತಣ್ಣಗಿಡುವ ಯಂತ್ರಗಳನ್ನು ಕೂರಿಸುತ್ತದೆ. ಆ ಕೆಲಸದ ಮೇಲೆ ಆಗಾಗ ಕ್ವಾಲಾಲಂಪುರದ ಹತ್ತಿರದ ಸೈಬರ್‌ಜಯಾಕ್ಕೆ ಹೋಗುತ್ತಿದ್ದೆ. ಅಲ್ಲಿ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರು ದಸ್ತಗೀರ್ ಸಾಹೇಬರು. ಹುಬ್ಬಳ್ಳಿಯವರು, ಪೆಟಾಲಿಂಗ್ ಜಯಾದಲ್ಲಿ ಮನೆ. ಎತ್ತರದ ಆಳು, ಬಗ್ಗಿ ನಡೆಯುವ ಅಭ್ಯಾಸ, ಅರ್ಧ ನರೆತ ಗಡ್ಡ. ನಾನು ಕನ್ನಡದವನು, ಅದರ ಮೇಲೆ ತಿಂಡಿಪೋತ ಎಂದು ಗೊತ್ತಾದದ್ದೇ, “ಹಂಗಾರ ನಡೀರಿ, ಮಾಕಾನ್‌ಗೆ ಹೋಗೂಣು” ಎಂದು ಕಾರಿನ ಬಾಗಿಲು ತೆಗೆದಿದ್ದರು. ಊಟಕ್ಕೆ ಮಲಯ್ ಮಾತು ಅದು; ಮಾತಿನ ಕೊನೆಗೆ ಅಂಟಿಸುತ್ತಿದ್ದ ‘ಲಾ’ ಕೂಡ ಅಲ್ಲಿನದೇ. ಅವರ ಹುಬ್ಬಳ್ಳಿ ಕನ್ನಡದೊಳಗೆ ಅಂಥವು ಹಾಯಾಗಿ ಕೂತಿದ್ದವು.

ಹೊಸ ಅಂಗಡಿಗೆ ಹೋದರೆ ಸಾಹೇಬರು ಮೆನು ಮುಟ್ಟುತ್ತಿರಲಿಲ್ಲ. ನೇರವಾಗಿ ಪಾತ್ರೆ ತೊಳೆಯುವ ಕಡೆಗೆ ಹೋಗಿ, ಕೈ ತೊಳೆಯುವ ನೆಪದಲ್ಲಿ ನಿಂತು, ವಾಪಸು ಬರುವ ತಟ್ಟೆಗಳಲ್ಲಿ ಜನ ಏನೇನು ಉಳಿಸಿದ್ದಾರೆ ಎಂದು ನೋಡುತ್ತಿದ್ದರು. “ಕೋಳಿ ಬಿಟ್ಟಾರ, ಬದನಿಕಾಯಿ ಯಾರೂ ಬಿಟ್ಟಿಲ್ಲ. ಬದನಿಕಾಯಿ ಹೇಳೂಣು” ಎನ್ನುತ್ತ ಬರುತ್ತಿದ್ದರು. ನಾನು ದನದ ಮಾಂಸ ತಿನ್ನುವುದಿಲ್ಲವೆಂದು ಒಮ್ಮೆ ಹೇಳಿದ್ದೆ. ಆಮೇಲೆ ನಾನು ಕೇಳುವ ಪ್ರಮೇಯವೇ ಬರಲಿಲ್ಲ; ಕೂರುವ ಮೊದಲೇ ಅಡುಗೆಯವರನ್ನು ವಿಚಾರಿಸಿ, ಸಾರಿನ ಸಟ್ಟುಗ ಬೇರೆಯೇ ಎಂಬುದನ್ನೂ ಕೇಳಿಕೊಂಡು ಬರುತ್ತಿದ್ದರು.

ಒಳ್ಳೆಯ ಜಾಗ ತೋರಿಸಿದ್ದಕ್ಕೆ ಹೊಗಳಿದರೆ ಮಾತ್ರ ಅವರಿಗೆ ಕಸಿವಿಸಿ. “ಹುಡುಕಿದವರು ಬ್ಯಾರೆ ಅದಾರ್ರಿ. ನಾ ಬರೇ ಡ್ರೈವರ್” ಎನ್ನುತ್ತಿದ್ದರು. ಊಟ ಮುಗಿದ ಮೇಲೆ ನನ್ನನ್ನು ಮೇಜಿನ ಬಳಿಯೇ ಬಿಟ್ಟು, ಹೊರಗೆ ಮರದ ನೆರಳಲ್ಲಿ ನಿಂತು ಬಹಳ ಹೊತ್ತು ಫೋನಿನಲ್ಲಿ ಮಾತಾಡುತ್ತಿದ್ದರು. ಮಾತಿನ ನಡುವೆ ಕೈ ಎತ್ತಿ ಬೆರಳುಗಳಿಂದ ಏನೋ ಹಿಸುಕಿದಂತೆ, ಎಳೆದಂತೆ ಮಾಡುತ್ತಿದ್ದರು. ಕೆಲಸದ ಫೋನಿರಬೇಕು ಎಂದು ನಾನು ಕೇಳುವ ಗೋಜಿಗೆ ಹೋಗಲಿಲ್ಲ.

ಗೊತ್ತಾದದ್ದು ಮೂರನೆಯದೋ ನಾಲ್ಕನೆಯದೋ ಪ್ರವಾಸದಲ್ಲಿ. ಕ್ಲಾಂಗ್ ಕಡೆ, ಸಮುದ್ರ ಹತ್ತಿರವಾಗುವಲ್ಲಿ, ಮೀನನ್ನು ಬಾಳೆಲೆಯಲ್ಲಿ ಸುತ್ತಿ ಕೆಂಡದ ಮೇಲೆ ಸುಡುವ ಅಂಗಡಿಯೊಂದಕ್ಕೆ ಮಧ್ಯಾಹ್ನ ಕರೆದುಕೊಂಡು ಹೋಗಿದ್ದರು. ಎಲೆ ಬಿಚ್ಚಿದರೆ ಹೊಗೆ, ಮೆಣಸಿನಕಾಯಿ, ಮೀನಿನ ಎಣ್ಣೆ ಎಲ್ಲ ಸೇರಿದ ಪರಿಮಳ. ಪಕ್ಕದಲ್ಲಿ ಹಸಿ ಮಾವಿನಕಾಯಿ ತುರಿದು ಕಲಸಿದ ಚಟ್ನಿ. ನಾನು ಮುಖ ಎತ್ತದೆ ತಿಂದೆ. ಎತ್ತಿದಾಗ ನೋಡಿದರೆ ಸಾಹೇಬರ ಎಲೆ ಬಿಚ್ಚಿದ್ದು ಬಿಚ್ಚಿದಂತೆಯೇ ಇತ್ತು. ಒಂದು ತುಣುಕನ್ನೂ ಮುರಿದಿರಲಿಲ್ಲ.

ಕೇಳಬೇಕೆನ್ನುವಷ್ಟರಲ್ಲಿ ಅವರಿಗೆ ಫೋನ್ ಬಂತು. ಹೊರಗೆ ಮಳೆ ಸುರಿಯುತ್ತಿದ್ದುದರಿಂದ ಅಲ್ಲೇ ಕೂತು, ಸ್ಪೀಕರ್ ಹಾಕಿ ಮಾತಾಡಿದರು. ಆ ಕಡೆಯ ದನಿ ಹೆಂಗಸಿನದು, ಒಡಕಲು, ಬಹಳ ಸಣ್ಣದು. ಮಾತು ದಖನಿ ಉರ್ದುವಿನಲ್ಲಿ. ಮೈಸೂರಿನಲ್ಲಿ ನಮ್ಮ ನೆರೆಮನೆಯ ಭಾಷೆ ಅದು, ನನಗೆ ತಿಳಿಯುತ್ತದೆ. ಸಾಹೇಬರು ಮೀನು ಹೇಗಿತ್ತೆಂದು ವರ್ಣಿಸುತ್ತಿದ್ದರು. ಒಳಗೆ ಮೆತ್ತಗೆ, ಅಂಚು ಗರಿಗರಿ, ಚಟ್ನಿಯಲ್ಲಿ ಹುಣಸೆಹಣ್ಣು ಚುರುಕಾಗಿದೆ.

ಆ ಕಡೆಯಿಂದ ಕನ್ನಡದಲ್ಲಿ ಬಂತು ಪ್ರಶ್ನೆ. “ಬಾಜೂಕ ಮೂರ್ತಿ ಅಣ್ಣಾರ ಅದಾರೇನು? ಅಣ್ಣಾರ, ನಾ ರಜಿಯಾ, ಇವರ ಮನಿಯಾಕಿ. ಆ ಅಂಗಡ್ಯಾಗ ಹುಣಸಿಹಣ್ಣು ಹಾಕೂದಿಲ್ಲ, ಮಾವಿನಕಾಯಿ ಹಾಕತಾರ. ಇವರು ತಿಂದಾರೋ ಇಲ್ಲೋ?”

ಸಾಹೇಬರು ನನ್ನ ಕಡೆ ನೋಡಿದರು. ಬೇಡ ಎನ್ನುವಂತೆ ತಲೆ ಆಡಿಸಿದರು. ನಾನು ಬೆರಳುಗಳಲ್ಲಿ ಮೀನು ಹಿಡಿದುಕೊಂಡೇ, “ಇಲ್ಲ ಅಕ್ಕಾ, ಮುಟ್ಟಿಲ್ಲ” ಎಂದುಬಿಟ್ಟೆ. ಯಾಕೋ ಆ ದನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಗೊತ್ತಾತು ಬಿಡ್ರಿ,” ಎಂದು ಆಕೆ ಫೋನ್ ಇಟ್ಟರು.

ಮಳೆ ನಿಲ್ಲುವವರೆಗೆ ಕಾರಿನಲ್ಲಿ ಕೂತಿದ್ದಾಗ ಸಾಹೇಬರು ಹೇಳಿದರು. ಮದುವೆಯಾಗಿ ಬಂದ ಹೊಸತರಲ್ಲಿ ಅವರಿಗೆ ಬೇಳೆ, ಚಪಾತಿ, ಉಪ್ಪಿನಕಾಯಿ ಇದ್ದರೆ ಸಾಕಿತ್ತು. ರಜಿಯಾ ಹಾಗಲ್ಲ. ಗಂಡ ಕೆಲಸಕ್ಕೆ ಹೋದ ಮೇಲೆ ಬಸ್ಸು, ರೈಲು ಹತ್ತಿ ಊರೆಲ್ಲ ಅಲೆದು, ಗೊತ್ತಿದ್ದ ನಾಲ್ಕು ಮಲಯ್ ಪದಗಳಲ್ಲಿ ಅಡುಗೆಯವರ ಸ್ನೇಹ ಮಾಡಿ, ಒಂದೊಂದೇ ಅಂಗಡಿ ಪತ್ತೆ ಹಚ್ಚಿದಾಕೆ. ರಜಾ ದಿನ ಗಂಡನನ್ನು ಎಳೆದುಕೊಂಡು ಹೋಗಿ ತಿನ್ನಿಸುವಾಕೆ. ನನಗೆ ತೋರಿಸಿದ ಜಾಗಗಳೆಲ್ಲ ಆಕೆಯವೇ. ಆಮೇಲೆ ಆಕೆಗೆ ಅನ್ನನಾಳದ ಕಾಯಿಲೆ ಬಂತು. ಆಪರೇಷನ್ ಆದ ಮೇಲೆ ಬಾಯಿಂದ ಊಟವಿಲ್ಲ; ಹೊಟ್ಟೆಗೆ ಕೂರಿಸಿದ ನಳಿಕೆಯಲ್ಲಿ ನೀರಿನಂಥ ಆಹಾರ ಬಿಡಬೇಕು. ಅದನ್ನು ಆಕೆ ತಾನೇ ಮಾಡಿಕೊಳ್ಳುತ್ತಾಳೆ. ಗಂಡ ಮಾತ್ರ ಹೋಗಿ ತಿಂದು ಬರಬೇಕು, ತಿಂದದ್ದನ್ನು ಹೇಳಬೇಕು.

“ಅದಲ್ರಿ ನನ್ನ ಕೊರಿಯೂದು,” ಎಂದರು ಸಾಹೇಬರು. ಒರೆಸುವ ಕಡ್ಡಿಗಳು ಗಾಜಿನ ಮೇಲೆ ಆಡುತ್ತಿದ್ದವು. “ತುತ್ತು ಎದ್ಯಾಗ ಸಿಕ್ಕೊಂಡಂಗ ಆಕೈತಿ ಅಂತ ಆಕಿ ಭಾಳ ದಿನ ಹೇಳಿದ್ಲು. ನಾ ನಗತಿದ್ದೆ. ನೀ ಗಡಬಡಸಿ ನುಂಗತಿ, ಸಾವಕಾಶ ತಿನ್ನು ಅಂತಿದ್ದೆ. ಮಂದಿ ಮುಂದನೂ ಹೇಳಿ ನಕ್ಕೀನಿ. ಡಾಕ್ಟರು, ಆರು ತಿಂಗಳ ಮದಲ ಬರಬೇಕಿತ್ತು ಅಂದ್ರು. ಈಗ ಚಲೋ ರುಚಿ ಬಾಯಿಗೆ ಬಂತಂದ್ರ ಆ ಮಾತು ನೆಪ್ಪಾಕೈತಿ. ನುಂಗಾಕ ಆಗೂದಿಲ್ಲ.”

ಅವರ ಮುಖವನ್ನು ಮನೆಯಲ್ಲಿ ನಟಿಸಿ ತೋರಿಸಿದ್ದು ನೆನಪಾಗಿ ನಾನು ಕಿಟಕಿಯ ಕಡೆ ತಿರುಗಿದೆ.

ಆ ಭಾನುವಾರ ರಜಿಯಾ ಅಕ್ಕನಿಂದ ಊಟಕ್ಕೆ ಬುಲಾವ್ ಬಂತು. ಹೋಗದಿರಲು ನೆಪ ಹುಡುಕಿದೆ, ಸಿಗಲಿಲ್ಲ. ಪೆಟಾಲಿಂಗ್ ಜಯಾದ ಆ ಫ್ಲ್ಯಾಟಿನ ಬಾಗಿಲಲ್ಲೇ ಮಸಾಲೆ ಒಗ್ಗರಣೆಯ ಬಗಾರಾ ಅನ್ನದ ಘಮ ಬಡಿಯಿತು. ರಜಿಯಾ ಅಕ್ಕ ಸಣ್ಣ ಆಳು, ಕೊರಳಿಗೆ ಸುತ್ತಿದ ಹತ್ತಿಯ ದುಪಟ್ಟಾ, ಎಲ್ಲವನ್ನೂ ಗಮನಿಸುವ ಕಣ್ಣು. ಅನ್ನ, ಬೇಳೆ-ಸೋರೆಕಾಯಿಯ ದಾಲ್ಚಾ, ಕೋಳಿ, ಎಲ್ಲ ಆಕೆಯೇ ಮಾಡಿದ್ದು. “ವಾಸನಿ ನನಗ ಬರ್ತೈತಿ. ಉಪ್ಪು ಅಷ್ಟ ಇವರು ನೋಡ್ಯಾರ” ಎನ್ನುತ್ತ ಬಡಿಸಿ, ನನ್ನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು.

ನನಗೆ ಕೈ ಏಳಲಿಲ್ಲ. ಅನ್ನವನ್ನು ಬೆರಳಲ್ಲಿ ಆ ಕಡೆ ಈ ಕಡೆ ಸರಿಸುತ್ತಿದ್ದೆ. ಪಕ್ಕದಲ್ಲಿ ಸಾಹೇಬರೂ ಅದನ್ನೇ ಮಾಡುತ್ತಿದ್ದರು.

“ಅಣ್ಣಾರ, ನೀವು ತಿಂದ್ರ ನನಗ ಸಿಟ್ಟು ಬರೂದಿಲ್ಲ,” ಎಂದರು ರಜಿಯಾ ಅಕ್ಕ. “ತಿನ್ನಲಾರದ ಹಿಂಗ ಕುಂತ್ರ ಬರ್ತೈತಿ. ಮುಂಜಾನಿಂದ ನಿಂತು ಮಾಡೀನಿ.”

ನಾನು ತಿಂದೆ. ದಾಲ್ಚಾ ಹೇಗಿದೆ ಎಂದರು. ಚೆನ್ನಾಗಿದೆ ಎಂದೆ. “ಚೆನ್ನಾಗಿದೆ ಅಂದ್ರ ನನಗೇನು ತಿಳೀತು? ಸೋರಿಕಾಯಿ ಕರಗೇತೋ, ಹಲ್ಲಿಗೆ ಸಿಗತೈತೋ?” ಕರಗಿಲ್ಲ, ಆದರೆ ಒತ್ತಿದರೆ ಸಾಕು ಎನ್ನುವ ಹಾಗಿದೆ ಎಂದೆ. “ಹಾಂ, ಹಂಗ ಹೇಳ್ರಿ” ಎಂದು ಕಣ್ಣು ಅರಳಿಸಿದರು. ಸ್ವಲ್ಪ ಹೊತ್ತಿಗೆ ನಾನು ಎರಡನೆಯ ಸಲ ಹಾಕಿಸಿಕೊಂಡು, ಬಾಯಿ ತುಂಬ ಇಟ್ಟುಕೊಂಡೇ ವಿವರಿಸುತ್ತಿದ್ದೆ. ಸಾಹೇಬರ ತಟ್ಟೆ ಹಾಗೆಯೇ ಇತ್ತು. ರಜಿಯಾ ಅಕ್ಕ ಅದನ್ನು ನೋಡಿಯೂ ನೋಡದಂತೆ ಇದ್ದು, ಕೊನೆಗೆ ತಡೆಯಲಾರದೆ ಗಂಡನ ಕಡೆ ತಿರುಗಿದರು. ನಾನಿದ್ದೇನೆಂದೋ ಏನೋ ಕನ್ನಡದಲ್ಲೇ ಹೇಳಿದರು.

“ಸಾವಕಾಶ ತಿನ್ನು ಅಂದ್ರಿ, ಖರೇ. ದವಾಖಾನಿಗೆ ಹೋಗಬ್ಯಾಡ ಅಂದಿದ್ರೇನು? ನಾ ಹೋಗಲಿಲ್ಲ. ಯಾಕಂದ್ರ ಏನ್ ಹೇಳತಾರೋ ಅಂತ ನನಗ ಅಂಜಿಕಿ ಇತ್ತು. ರೊಟ್ಟಿ ಬಿಟ್ಟು ಗಂಜಿ ಕುಡ್ಯಾಕ ಹತ್ತಿದ್ದೆ, ನಿಮಗ ಹೇಳಲಿಲ್ಲ. ಅರ್ಧಾ ತಪ್ಪು ನಂದೈತಿ. ಎಲ್ಲಾ ನೀವ ಒಬ್ಬರ ಎತ್ಕೊಂಡು ಕುಂತ್ರ ನನಗ ಏನ್ ಉಳೀತು?”

ಸಾಹೇಬರು ಅನ್ನ ಕಲಸಿ ತಿಂದರು. ಖುಷಿಯಿಂದಲ್ಲ, ಹೇಳಿದ ಮಾತು ಮೀರಬಾರದೆಂದು ತಿನ್ನುವವರ ಹಾಗೆ. ಆದರೂ ಪೂರ್ತಿ ತಿಂದರು. ಆಕೆ ಪ್ರತಿ ತುತ್ತನ್ನೂ ನೋಡುತ್ತ ಕೂತಿದ್ದರು.

ಆಮೇಲಿನ ಎರಡು ಪ್ರವಾಸಗಳಲ್ಲಿ ನಾವು ರಜಿಯಾ ಅಕ್ಕ ಹೇಳಿದಲ್ಲಿಗೆಲ್ಲ ಹೋದೆವು. ಎಲ್ಲಿಗೆ ಹೋಗಬೇಕು, ಏನು ಹೇಳಬೇಕು, ಯಾವ ಮುದುಕಿ ಒಲೆಯ ಮುಂದೆ ಇದ್ದರೆ ಮಾತ್ರ ಕೂರಬೇಕು, ಎಲ್ಲ ಫೋನಿನಲ್ಲಿ ತಿಳಿಸುತ್ತಿದ್ದರು. ವರದಿ ಒಪ್ಪಿಸುವುದು ನನ್ನ ಕೆಲಸವಾಯಿತು. ಸಾಹೇಬರು ಕಷ್ಟಪಟ್ಟು ಅರ್ಧ ತಟ್ಟೆಯಾದರೂ ತಿನ್ನುತ್ತಿದ್ದರು. ರಜಿಯಾ ಅಕ್ಕನ ದನಿ ಸಲಸಲಕ್ಕೂ ಸಣ್ಣದಾಗುತ್ತಿತ್ತು. ಕೊನೆಗೆ ಫೋನ್ ಎತ್ತುವುದೇ ಕಡಿಮೆಯಾಯಿತು.

ಆಕೆ ಹೋದ ಸುದ್ದಿ ನನಗೆ ಮೈಸೂರಿನಲ್ಲಿ ಸಿಕ್ಕಿತು. ಮುಂದಿನ ಸಲ ಹೋದಾಗ ಸಾಹೇಬರನ್ನು ಅವರ ಮನೆಯ ಕೆಳಗಿನ ಮಾಮಾಕ್ ಅಂಗಡಿಯಲ್ಲಿ ಕಂಡೆ. ತಮಿಳು ಮುಸಲ್ಮಾನರು ನಡೆಸುವ, ಇಡೀ ದಿನ ಚಹಾ ಪರೋಟ ಸಿಗುವ ಜಾಗ. ರಜಿಯಾ ಅಕ್ಕ ಇದನ್ನೆಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಂಜೆಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಉತ್ತರದ ದ್ವೀಪದ ಬಯಾನ್ ಲೆಪಾಸ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದಿದ್ದೇನೆ, ಮುಂದಿನ ವಾರ ಹೊರಡುತ್ತೇನೆ ಎಂದರು. ನಾನು ಎರಡು ಪರೋಟ, ಎರಡು ಚಹಾ ಹೇಳಿದೆ. ಅವರು ಚಹಾ ಮಾತ್ರ ತೆಗೆದುಕೊಂಡರು. ನಾನೂ ಪರೋಟ ಮುಟ್ಟಲಿಲ್ಲ.

“ಒಂದ ಮಾತು ಐತ್ರೀ. ಯಾರ ಮುಂದೂ ಹೇಳಿಲ್ಲ,” ಎಂದರು. “ಮಣ್ಣು ಕೊಟ್ಟು ಮನಿಗೆ ಬಂದೆ. ಮಗ್ಗಲಮನಿಯವರು ಅಡಗಿ ಮಾಡಿ ತಂದಿದ್ರು. ನಾ ತಿನ್ನಾಂವಲ್ಲ ಅಂತ ಎಲ್ಲಾರೂ ತಿಳದಿದ್ರು. ಒಬ್ಬರು ಕೈ ಹಿಡದು, ಒಂದ ತುತ್ತರ ತಿನ್ರಿ ಅಂದ್ರು. ತಿಂದೆ. ತಿಂದ ಮ್ಯಾಲೆ ನಿಂದ್ರಸಾಕ ಆಗಲಿಲ್ರಿ. ಮತ್ತ ಹಾಕಿಸ್ಕೊಂಡೆ, ಇನ್ನೊಮ್ಮಿ ಹಾಕಿಸ್ಕೊಂಡೆ. ಭಾಳ ರುಚಿ ಇತ್ತು. ಮಂದಿ ನೋಡಾಕ ಹತ್ತಿದ್ರು. ನಾ ತಲಿ ಎತ್ತಲಿಲ್ಲ.”

ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಅಷ್ಟು ವರ್ಷದಾಗ ಒಂದಿನಾನೂ ನೆಟ್ಟಗ ಉಂಡಿರಲಿಲ್ಲ. ಉಣ್ಣು ಉಣ್ಣು ಅಂತ ಆಕಿ ಬಡಕೊಂಡ್ಲು, ಆಗ ಉಣಲಿಲ್ಲ. ಆಕಿನ್ನ ಇಟ್ಟು ಬಂದ ದಿನ ಉಂಡೆ. ನನಗ ಹಸಿವಾಗಿತ್ರೀ ಮೂರ್ತ್ಯಾರ. ಖರೇನ ಹಸಿವಾಗಿತ್ತು.”

ಆಕೆಗೆ ಅದೇ ಬೇಕಿತ್ತಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಇರಬಹುದು. ಆದರೆ ಅವರು ಕೇಳುತ್ತಿದ್ದುದು ಸಮಾಧಾನವಲ್ಲ ಎನ್ನಿಸಿತು. ಹತ್ತಿರದ ಮಸೀದಿಯಿಂದ ಬಾಂಗ್ ಕೇಳಿಸಿತು. ಸಾಹೇಬರು ಎದ್ದರು, ನನ್ನ ಭುಜ ಒತ್ತಿ, “ಬರ್ತೀನ್ರಿ” ಎಂದು ರಸ್ತೆ ದಾಟಿ ನಡೆದರು. ಆಮೇಲೆ ನಾನು ಅವರನ್ನು ನೋಡಿಲ್ಲ. ಬಯಾನ್ ಲೆಪಾಸ್‌ಗೆ ಹೋಗುವ ಕೆಲಸ ನನಗೆ ಬೀಳಲಿಲ್ಲ. ಹಬ್ಬಕ್ಕೆ ಅವರಿಂದ ಒಂದು ಶುಭಾಶಯ ಬರುತ್ತದೆ, ನಾನೂ ಒಂದು ಕಳಿಸುತ್ತೇನೆ.

ಅವತ್ತು ಬೆಳಿಗ್ಗೆ ವಿಮಾನ ಇಳಿದವನು ನಾನು, ಏನೂ ತಿಂದಿರಲಿಲ್ಲ. ಸಾಹೇಬರು ಎದ್ದು ಹೋದಾಗ ಪರೋಟ ಎರಡೂ ಮುಂದೆ ಆರುತ್ತಿದ್ದವು. ಅವರು ಮೂಲೆಯ ತಿರುವು ದಾಟಿ ಕಣ್ಣಿಗೆ ಮರೆಯಾಗುವವರೆಗೆ ಕಾದೆ. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಎರಡನ್ನೂ ತಿಂದೆ.