ನಲ್ಲಿ ಬಿಟ್ಟು ಮಲಗುವ ಊರು

ಮೊನ್ನೆ ಸಂಜೆ ಮಗಳು ಫೋನನ್ನು ನನ್ನ ಮುಖಕ್ಕೆ ಹಿಡಿದು, "ಅಮ್ಮಾ, ಫ್ರೀಜ್ ವಾರ್ನಿಂಗ್" ಎಂದಳು. ನೀರು ಹೆಪ್ಪುಗಟ್ಟುವಷ್ಟು ಚಳಿ ಬರುತ್ತಿದೆ ಎಂಬ ಎಚ್ಚರಿಕೆ. ನಾನು ಒಲೆ ಆರಿಸಿ ಗರಾಜಿಗೆ ಓಡಿದೆ, ಹಿತ್ತಲ ನಲ್ಲಿಗಳಿಗೆ ಹಾಕುವ ಥರ್ಮೋಕೋಲಿನ ಟೋಪಿ ಹುಡುಕಲು. ನಲ್ಲಿಗೇಕೆ ಟೋಪಿ ಎಂದು ನೀವು ಕೇಳುವುದಾದರೆ ನೀವು ಟೆಕ್ಸಸ್ಸಿನವರಲ್ಲ. ಇಲ್ಲಿ ವರ್ಷವಿಡೀ ಬಿಸಿಲಿಗೆ ಬೈದುಕೊಂಡಿರುವ ನಮ್ಮ ಮೇಲೆ ಚಳಿಗಾಲದಲ್ಲಿ ಯಾವತ್ತೋ ಒಂದೆರಡು ದಿನ ಉತ್ತರದ ಗಾಳಿ ನುಗ್ಗುತ್ತದೆ. ಉತ್ತರದ ಮಿನೆಸೋಟದವರು ಕೇಳಿದರೆ ನಗುವಂಥ ಚಳಿ, ನಿಜ. ಆದರೆ ಅವರ ಮನೆಗಳನ್ನು ಚಳಿಗೆಂದೇ ಕಟ್ಟಿದ್ದಾರೆ, ನಮ್ಮವನ್ನು ಸೆಕೆಗೆಂದು ಕಟ್ಟಿದ್ದಾರೆ. ನೀರಿನ ಪೈಪುಗಳು ಹೊರಗೋಡೆಯೊಳಗೇ ಹಾದುಹೋಗುತ್ತವೆ. ನೀರು ಗಟ್ಟಿಯಾದರೆ ಪೈಪು ಒಡೆಯುತ್ತದೆ. ಒಡೆದದ್ದು ಗೊತ್ತಾಗುವುದು ಮಂಜು ಕರಗಿ ನಡುಮನೆಯಲ್ಲಿ ಕೆರೆ ನಿಂತಾಗ. ಅದಕ್ಕೆ ಇಲ್ಲಿಯವರು ಚಳಿ ಬಂದ ದಿನ ಮನೆಯೊಳಗಿನ ನಲ್ಲಿಗಳನ್ನೆಲ್ಲ ಸಣ್ಣಗೆ ಬಿಟ್ಟು ಮಲಗುತ್ತಾರೆ. ಹರಿಯುವ ನೀರು ಬೇಗ ಗಟ್ಟಿಯಾಗುವುದಿಲ್ಲವಂತೆ.

ಇಷ್ಟು ಸಣ್ಣ ವಿಷಯವನ್ನು ನಮ್ಮ ಅತ್ತೆಗೆ ಒಪ್ಪಿಸಲು ನಾನು ಪಟ್ಟ ಪಾಡು ಆ ಟೋಪಿ ಹುಡುಕುತ್ತಲೇ ನೆನಪಾಯಿತು.

ನಾವು ಫ್ಲವರ್ ಮೌಂಡ್ ಎಂಬ ಈ ಊರಿನಲ್ಲಿ ಮನೆ ಕೊಂಡ ವರ್ಷ ಅದು. ಅದಕ್ಕೆ ಮೊದಲು ಪಕ್ಕದೂರು ಲೂಯಿಸ್‌ವಿಲ್ಲಿನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಮಹಡಿ ಮೇಲಿನವರ ಪೈಪು ಒಡೆದು, ನಮ್ಮ ಕಪಾಟಿನೊಳಗೆ ನೀರಿಳಿದು, ನನ್ನ ಧಾರೆ ಸೀರೆಯ ಕೆಂಪೆಲ್ಲ ಪಕ್ಕದ ಬಿಳಿ ಸೀರೆಗೆ ಹತ್ತಿತ್ತು. ಆವತ್ತು ನಾನು ಅತ್ತದ್ದನ್ನು ಕಂಡ ಯಜಮಾನರು ಈಗಲೂ ಆ ವಿಷಯ ತೆಗೆಯುವುದಿಲ್ಲ. ಹಾಗಾಗಿ ಹೊಸ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ನನಗಿದ್ದ ಭಯ ಒಂದೇ. ಈ ಮನೆಯ ಒಂದು ಪೈಪೂ ಒಡೆಯಬಾರದು. ಕೆಳಗಿನ ಕೋಣೆಗಳಿಗೆ ಆಗಷ್ಟೇ ಮರದ ನೆಲ ಹಾಕಿಸಿದ್ದೆವು. ಅದರ ಮೇಲೆ ಯಾರಾದರೂ ಲೋಟ ಹಿಡಿದು ನಡೆದರೂ ನಾನು ಬಟ್ಟೆ ಹಿಡಿದು ಹಿಂದೆ ಹೋಗುತ್ತಿದ್ದೆ.

ಅತ್ತೆ ಧಾರವಾಡದಿಂದ ಬಂದಿದ್ದರು. ಅವರ ಓಣಿಯಲ್ಲಿ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ. ಮೈಸೂರಿನವಳಾದ ನಾನು ಮದುವೆಯಾದ ಹೊಸದರಲ್ಲಿ ಆ ದಿನದ ಸಡಗರ ಕಂಡು ಯಾವುದೋ ಹಬ್ಬವೆಂದುಕೊಂಡು ತಲೆಸ್ನಾನ ಮಾಡಿ ಬಂದಿದ್ದೆ. ನೀರು ಬಂದ ದಿನ ಅಲ್ಲಿ ಯಾರೂ ಊರಿಗೆ ಹೋಗುವುದಿಲ್ಲ, ನೆಂಟರು ಬಂದರೆ ಅವರ ಕೈಗೂ ಕೊಡ ಸಿಗುತ್ತದೆ. ಅಂಥ ಓಣಿಯಲ್ಲಿ ಸಂಸಾರ ಮಾಡಿದವರ ಎದುರು ನಾನು ಐದು ನಲ್ಲಿಗಳನ್ನು ಸಾಲಾಗಿ ಬಿಟ್ಟುಕೊಂಡು ಬಂದೆ.

"ಅಲ್ಲವಾ, ಐದೂ ನಳ ಬಿಟ್ಟು ಮಲ್ಕೋತೀರಿ? ನಮ್ಮ ಓಣ್ಯಾಗ ಕೇಳಿದ್ರ ನಿಮ್ಮನ್ನ ಹುಚ್ಚರಂತಾರ."

"ಅತ್ತೆ, ನೀರು ನಿಂತರೆ ಪೈಪ್ ಒಡೆದುಹೋಗುತ್ತೆ."

"ಒಡೀಲಿಕ್ಕೆ ಅದೇನು ಗಡಿಗಿ ಏನು?"

ಯಜಮಾನರು ಇಂಜಿನಿಯರು. ನೀರು ಮಂಜಾದಾಗ ಯಾಕೆ ಹಿಗ್ಗುತ್ತದೆಂದು ಅವ್ವನನ್ನು ಕೂರಿಸಿಕೊಂಡು ಕೈಯಾಡಿಸುತ್ತ ವಿವರಿಸಿದರು. ಅತ್ತೆ ಪೂರ್ತಿ ಕೇಳಿದರು. "ಆತಪಾ" ಎಂದರು. ಎದ್ದು ಹೋಗುವಾಗ ದಾರಿಯಲ್ಲಿದ್ದ ನಲ್ಲಿ ಬಂದ್ ಮಾಡಿಕೊಂಡು ಹೋದರು. ನಾನು ಹಿಂದೆಯೇ ಹೋಗಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಸದ್ದು ನಿಂತಿತು. ಬೆಚ್ಚಗಿನ ಗಾಳಿ ಪೈಪಿಗೆ ತಾಗಲೆಂದು ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟಿದ್ದೆ, ಅದನ್ನೂ ಮುಚ್ಚಿದ್ದರು. ಕಸದ ಡಬ್ಬಿ ಕಾಣುವ ಹಾಗೆ ಮನೆ ಇಡುತ್ತಾರೆಯೇ ಎಂದು ಅವರ ಪ್ರಶ್ನೆ. ಇಡೀ ಮಧ್ಯಾಹ್ನ ಒಬ್ಬರಿಗೊಬ್ಬರು ಕಾಣದಂತೆ ನಾನು ಬಿಡುವುದು, ಅವರು ಬಂದ್ ಮಾಡುವುದು ನಡೆಯಿತು. ಮಗಳು ಮೆಟ್ಟಿಲ ಮೇಲೆ ಕೂತು, "ಅಜ್ಜಿ, ಡೋಂಟ್ ಕ್ಲೋಸ್ ಇಟ್, ಅಮ್ಮ ಈಸ್ ಕಮಿಂಗ್" ಎಂದು ಎರಡೂ ಕಡೆಯವಳಾಗಿದ್ದಳು.

ಕಡೆಗೆ ಅತ್ತೆ ಸೋತ ದನಿಯಲ್ಲಿ, "ಆ ಸಪ್ಪಳ ಕೇಳಿದ್ರ ನನ್ನ ಎದಿಯೊಳಗ ಹನಿಸಿದ್ಹಂಗ ಆಗ್ತದವಾ" ಎಂದರು. ನನಗೂ ಪಾಪ ಎನ್ನಿಸಿತು. ಪ್ರತಿ ನಲ್ಲಿಯ ಕೆಳಗೂ ಪಾತ್ರೆ ಇಡೋಣ, ನೀರು ವ್ಯರ್ಥವಾಗುವುದಿಲ್ಲ ಎಂದು ರಾಜಿಯಾಯಿತು. ಅವರ ಮುಖ ಅರಳಿತು ನೋಡಿ. ಕುಕ್ಕರು, ಇಡ್ಲಿ ಪಾತ್ರೆ, ಕಡಾಯಿ, ಮಗಳು ಮರಳಲ್ಲಿ ಆಡುವ ಬಕೆಟ್ಟು ಎಲ್ಲವೂ ನಲ್ಲಿಯ ಸೇವೆಗೆ ನಿಂತವು. ತುಂಬಿದ್ದನ್ನು ಎತ್ತಿಟ್ಟು ಖಾಲಿಯದನ್ನು ಇಡುತ್ತ ಅತ್ತೆ, ಇಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ, ಹಾಡು ಗುನುಗಿದರು. ಸಂಜೆ ಅನ್ನಕ್ಕಿಡಲು ಪಾತ್ರೆಯಿರಲಿಲ್ಲ. ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿ ತಿಂದೆವು.

ಬೆಳಿಗ್ಗೆ ಏಳುವಷ್ಟರಲ್ಲಿ ಕರೆಂಟು ಹೋಗಿತ್ತು. ಹೀಟರು ಗ್ಯಾಸಿನದಾದರೂ ಬಿಸಿ ಗಾಳಿಯನ್ನು ತಳ್ಳುವ ಫ್ಯಾನಿಗೆ ಕರೆಂಟು ಬೇಕು. ಮನೆ ಆಗಲೇ ತಣ್ಣಗಾಗಿತ್ತು. ಹೊರಗೆ ರಸ್ತೆಯ ಮೇಲೆ ಗಾಜು ಹಾಸಿದಂತೆ ಮಂಜು. ಯಜಮಾನರು ಎರಡು ಸ್ವೆಟರಿನ ಮೇಲೆ ಅವ್ವನ ಶಾಲು ಹೊದ್ದು ಕರೆಂಟಿನ ಕಂಪನಿಗೆ ಫೋನು ಮಾಡುತ್ತಿದ್ದರು. ಅತ್ತೆ ಮಾತ್ರ ನಿಶ್ಚಿಂತೆಯಾಗಿ ಕಡ್ಡಿ ಗೀರಿ ಗ್ಯಾಸು ಹಚ್ಚಿ ಚಹಾ ಕುದಿಸುತ್ತಿದ್ದರು. "ಲೈಟ್ ಹೋಗ್ಯಾವ, ಬರ್ತಾವ. ಅದಕ್ಯಾಕ ಇಷ್ಟು ಓಡ್ಯಾಡ್ತೀರಿ?"

ನಾನು ನಲ್ಲಿಗಳನ್ನು ನೋಡಿಕೊಂಡು ಬಂದೆ. ನಾಲ್ಕು ಹನಿಯುತ್ತಿದ್ದವು. ಅತ್ತೆಯ ಕೋಣೆಗೆ ಅಂಟಿಕೊಂಡ ಬಚ್ಚಲಿನದು ಸುಮ್ಮನಿತ್ತು. ತಿರುಗಿಸಿದೆ, ನೀರು ಬರಲಿಲ್ಲ. ಇನ್ನೂ ತಿರುಗಿಸಿದೆ. ಕೆಳಗೆ ಪಾತ್ರೆ ಅಂಚಿನವರೆಗೂ ತುಂಬಿ ಅಲುಗಾಡದೆ ನಿಂತಿತ್ತು.

"ತುಂಬಿತ್ತವಾ," ಎಂದರು ಹಿಂದೆ ಬಂದು ನಿಂತ ಅತ್ತೆ. "ಬ್ಯಾರೆ ಪಾತ್ರಿ ಉಳಿದಿರಲಿಲ್ಲ. ತುಂಬಿದ ಮ್ಯಾಲೆ ಬಿಡೂದು ಹೆಂಗ?"

ನಾನು ಬಗ್ಗಿ ಬಾಗಿಲ ಬಳಿಯ ಮರದ ನೆಲ ಮುಟ್ಟಿ ನೋಡಿದೆ. ಬೈದಿದ್ದರೇ ಒಳ್ಳೆಯದಿತ್ತು. ನನ್ನ ಮುಖ ನೋಡಿದ ಅತ್ತೆ ಹಾಸಿಗೆಯ ತುದಿಗೆ ಕೂತು, "ನನ್ನಿಂದ ನಿಮ್ಮ ಹೊಸ ಮನಿ ಹಾಳಾತು" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಹೋಗಿ ಅವರ ಪಕ್ಕದಲ್ಲಿ ಕೂತೆ.

ಯಜಮಾನರು ಫೋನಿನಲ್ಲಿ ಉಳಿದಿದ್ದ ಚೂರುಪಾರು ಚಾರ್ಜಿನಲ್ಲಿ ಹುಡುಕಿ, ಪೈಪಿಗೆ ಹೇರ್ ಡ್ರೈಯರ್ ಹಿಡಿಯಬೇಕಂತೆ ಎಂದು ಓದಿದರು. ಡ್ರೈಯರ್ ತಂದು, ಪ್ಲಗ್ ಹಾಕಿ, ಗುಂಡಿ ಒತ್ತಿ, ಆಮೇಲೆ ನಮ್ಮತ್ತ ನೋಡಿದರು. ಇವರ ಕೈಯಲ್ಲಿ ದೊಡ್ಡ ದೊಡ್ಡ ಕಂಪನಿಗಳ ಸರ್ವರುಗಳಿವೆ ಎನ್ನುವುದನ್ನು ನಾನು ಆ ಗಳಿಗೆಯಲ್ಲಿ ಮರೆಯಲು ಯತ್ನಿಸಿದೆ.

"ಬಿಸಿ ತಗಲಬೇಕಲ್ಲ?" ಎಂದು ಅತ್ತೆ ಎದ್ದರು. "ಹಂಗಾರ ಕಾಸಬೇಕು."

ಕಾಸುವುದೆಂದರೆ ಅವರ ಕಡೆ ಬಾಣಂತಿಗೂ ಕೂಸಿಗೂ ಶಾಖ ಕೊಡುವುದು. ನನ್ನ ಮಗಳು ಹುಟ್ಟಿದಾಗ ಬಂದು ನನ್ನ ಸೊಂಟವನ್ನು ಕಾಸಿದವರು ಇವರೇ. ತಾವೇ ತುಂಬಿಟ್ಟ ನೀರನ್ನು ಒಲೆಯ ಮೇಲಿಟ್ಟರು. ಟವೆಲುಗಳನ್ನು ಅದರಲ್ಲಿ ಅದ್ದಿ, ಹಿಂಡಿ, ಸಿಂಕಿನ ಕೆಳಗೆ ಕೂತು ಪೈಪಿಗೆ ಸುತ್ತಿದರು. ಹೆಚ್ಚು ಬಿಸಿಯಾಗದಂತೆ ಮೊದಲು ತಮ್ಮ ಕೆನ್ನೆಗೆ ಮುಟ್ಟಿಸಿ ನೋಡುತ್ತಿದ್ದರು. ನಾನು ಒಲೆಯಿಂದ ಬಚ್ಚಲಿಗೆ ಟವೆಲು ಸಾಗಿಸಿದೆ, ಮಗಳು ಟಾರ್ಚು ಹಿಡಿದಳು. "ಇನ್ನೊಂಚೂರು, ಇನ್ನೊಂಚೂರು ತಡಕೋ" ಎಂದು ಅತ್ತೆ ಪೈಪಿಗೆ ಹೇಳುತ್ತಿದ್ದರೋ ನನಗೋ ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಳಗೆಲ್ಲೋ ಗೊರಗೊರ ಸದ್ದಾಯಿತು. ನಲ್ಲಿ ಕೆಮ್ಮಿ, ಉಗುಳಿ, ಧೋ ಎಂದು ನೀರು ಸುರಿಸಿತು. ಗೋಡೆ ಒದ್ದೆಯಾಗಲಿಲ್ಲ, ಪೈಪು ಒಡೆದಿರಲಿಲ್ಲ. ನಾನು ಟವೆಲಿನ ಸಮೇತ ಅತ್ತೆಯನ್ನು ತಬ್ಬಿಕೊಂಡೆ. ಅವರು ಎರಡೂ ಕೈ ಮುಗಿದರು, ಕಣ್ಣೊರೆಸಿಕೊಂಡರು, ಮತ್ತೆ ಅದೇ ಕೈ ಚಾಚಿ ನಲ್ಲಿಯನ್ನು ಗಟ್ಟಿಯಾಗಿ ಬಂದ್ ಮಾಡಿದರು.

ನಾವು ಮೂವರೂ ಅವರನ್ನೇ ನೋಡಿದೆವು. ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ ನಿಧಾನಕ್ಕೆ ತಿರುಗಿಸಿ, ನೂಲಿನಷ್ಟು ಬಿಟ್ಟು, "ಇಷ್ಟ ಸಾಕಾ?" ಎಂದು ನನ್ನನ್ನು ಕೇಳಿದರು. ಸಾಕು ಎಂದೆ. ಕುರ್ಚಿ ತರಿಸಿಕೊಂಡು ಅದರ ಎದುರೇ ಕೂತರು, ಜ್ವರದ ಮಗುವಿನ ಹತ್ತಿರ ಕೂರುವಂತೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಮೊನ್ನೆ ಸಂಜೆಯೂ ಟೋಪಿ ಹಾಕಿ, ಐದೂ ನಲ್ಲಿ ಬಿಟ್ಟಾದ ಮೇಲೆ ಧಾರವಾಡದಿಂದ ಫೋನು ಬಂತು. ಅಲ್ಲಿ ಆಗ ಬೆಳಿಗ್ಗೆ. ನಾನು ಫೋನಿನಲ್ಲಿ ಮಾತಾಡುತ್ತ ಮನೆಯೆಲ್ಲ ಅಡ್ಡಾಡುವವಳು. ಸೊಪ್ಪಿನ ರೇಟು, ಪಕ್ಕದ ಮನೆಯವರ ಸೊಸೆ, ತಮ್ಮ ಮೊಣಕಾಲು ಎಲ್ಲ ಆದ ಮೇಲೆ ಅತ್ತೆ ಕೇಳಿದರು.

"ಅಲ್ಲೆ ಭಾಳ ಥಂಡಿ ಅಂತಲ್ಲ. ನಳ ಬಿಟ್ಟೀರಿ?"

"ಎಲ್ಲಾ ಬಿಟ್ಟಿದೀವಿ ಅತ್ತೆ."

"ನೋಡಿ ಹೇಳು."

ನೋಡಿದೆ. ಅಡುಗೆಮನೆಯದು ಬಂದಾಗಿತ್ತು. ಕೆಳಗಿನ ಬಚ್ಚಲಿನದೂ ಬಂದಾಗಿತ್ತು. ಯಜಮಾನರು ಟಿವಿಯ ಮುಂದಿಂದ ಎದ್ದಿರಲಿಲ್ಲ, ಮಗಳು ಮಹಡಿಯಲ್ಲಿದ್ದಳು. ನನ್ನ ಬಲಗೈಯ ಬೆರಳುಗಳು ಒದ್ದೆಯಾಗಿದ್ದವು.

"ಎರಡು ಬಂದ್ ಆಗಿದೆ ಅತ್ತೆ" ಎಂದು ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡೆ.

"ನೀನ ಬಂದ್ ಮಾಡಿದ್ದಿ, ಹೌದಿಲ್ಲೋ?" ಎಂದರು ಅತ್ತೆ. ದನಿಯಲ್ಲಿ ಬೈಗುಳವಿರಲಿಲ್ಲ. "ಕೈ ಕೇಳೂದಿಲ್ಲವಾ ಅದು. ಬಿಡು ಈಗ, ನಾ ಫೋನ್ ಹಿಡಕೊಂಡಿರತೀನಿ."